ಫೆಲೋಶಿಪ್ ಬಂದ ಮೇಲೆ ಕೊಡ್ತೀನಿ

ಒಂದು ವಿಶ್ವವಿದ್ಯಾಲಯದಲ್ಲಿ ಎಷ್ಟು ಜನ ಪಿಎಚ್‌ಡಿ ಮಾಡುತ್ತಿದ್ದಾರೆ ಎಂಬುದು ಕುಲಸಚಿವರಿಗಿಂತ ಕ್ಯಾಂಟೀನಿನವರಿಗೆ ಚೆನ್ನಾಗಿ ಗೊತ್ತು. ಕುಲಸಚಿವರ ಬಳಿ ಇರುವುದು ನೋಂದಣಿ ಪುಸ್ತಕ, ಕ್ಯಾಂಟೀನಿನವರ ಬಳಿ ಇರುವುದು ಸಾಲದ ಪುಸ್ತಕ. ಎರಡನೆಯದರಲ್ಲಿ ಒಂದು ಹೆಸರೂ ತಪ್ಪಿಹೋಗುವುದಿಲ್ಲ.

ನಮ್ಮ ಸ್ಕಾಲರನ್ನು ಗುರುತಿಸುವುದು ಸುಲಭ. ಹೆಗಲಲ್ಲಿ ಯಾವುದೋ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪುಕ್ಕಟೆ ಕೊಟ್ಟ ಬ್ಯಾಗು. ಅದರ ಮೇಲೆ ಅಚ್ಚಾದ ಇಸವಿ ನೋಡಿದರೆ ಪಿಎಚ್‌ಡಿ ಎಷ್ಟನೇ ವರ್ಷಕ್ಕೆ ಕಾಲಿಟ್ಟಿದೆ ಎಂದು ಹೇಳಿಬಿಡಬಹುದು. ಬಾಯಲ್ಲಿ ಸದಾ ಒಂದೇ ಮಾತು: "ಫೆಲೋಶಿಪ್ ಬಂದ ಮೇಲೆ ಕೊಡ್ತೀನಿ ಅಣ್ಣ." ಸಂಶೋಧನೆಯ ವಿಷಯ, ಗ್ರಾಮೀಣ ಕುಟುಂಬಗಳ ಋಣಭಾರ. ಕ್ಷೇತ್ರಕಾರ್ಯಕ್ಕೆ ಹೋದಾಗ ಎದುರಿಗೆ ಕೂತ ರೈತ "ನಿಮ್ದೆಷ್ಟೈತ್ರೀ ಸಾಲ?" ಎಂದು ತಿರುಗಿ ಕೇಳಿದನಂತೆ. ಪ್ರಶ್ನಾವಳಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ದುಡ್ಡು ಮಂಜೂರಾಗಿಲ್ಲ ಎಂದಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ ಹೊಡೆದವನು ಇವನು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕಳೆದು ಹಿರಿಯ ಫೆಲೋಶಿಪ್, ಎಸ್‌ಆರ್‌ಎಫ್ ಆದರೆ 42,000. ಈ ಅಂಕಿ ಇವನಿಗಿಂತ ಮೊದಲೇ ಊರು ಮುಟ್ಟಿ, ಹೆಣ್ಣು ಕೊಡುವವರೂ ಬಂದು ಹೋದರು. ಆದರೆ ಅಂಕಿ ಹಣವಾಗಬೇಕಾದರೆ ತಿಂಗಳು ತಿಂಗಳೂ ಹಾಜರಾತಿಗೆ ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ ಬೀಳಬೇಕು; ಆಮೇಲೆ ಕಚೇರಿಯವರು ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಗೈಡ್ ಇದ್ದ ದಿನ ಮುಖ್ಯಸ್ಥರು ಇನ್ನೊಂದೂರಿಗೆ ವೈವಾ ತೆಗೆದುಕೊಳ್ಳಲು ಹೋಗಿರುತ್ತಾರೆ. ಇಬ್ಬರೂ ಇದ್ದ ದಿನ ಸರ್ವರ್ ಇರುವುದಿಲ್ಲ. ಕಡೆಗೆ ಯಾವತ್ತೋ ಐದಾರು ತಿಂಗಳ ಬಾಕಿ ಒಟ್ಟಿಗೇ ಬೀಳುತ್ತದೆ. ಆ ಸಂಜೆ ಇಡೀ ಕಾರಿಡಾರಿಗೆ ಬಿರಿಯಾನಿ. ಮಾರನೇ ದಿನ ಮೆಸ್ ಬಿಲ್ಲು, ಜೆರಾಕ್ಸ್ ಅಂಗಡಿ, ಊರಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರು, ತಂಗಿಯ ಬಿ.ಎಡ್. ಫೀಸು. ಮೂರನೇ ದಿನ ಸಾಹೇಬರು ಮತ್ತೆ ಕ್ಯಾಂಟೀನಿನಲ್ಲಿ "ಅಣ್ಣ" ಎನ್ನುತ್ತಾರೆ.

ಹಾಗಂತ ಬಡಪಾಯಿ ಎಂದರೆ ಜಗಳಕ್ಕೇ ಬರುತ್ತಾನೆ. ನೆಟ್ ಆಗದ ಗೆಳೆಯರ ಪಾಡು ಅವನಿಗೆ ಗೊತ್ತು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದರೆ ಅವರಿಗೆ ತಿಂಗಳಿಗೆ 8,000. ಅದನ್ನೂ 2015ರಲ್ಲಿ ನಿಲ್ಲಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಅದರ ಕಚೇರಿಯೆದುರು ಬೀಡುಬಿಟ್ಟು ಉಳಿಸಿಕೊಂಡರು. ಉಳಿಯಿತು, ಬೆಳೆಯಲಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಆ ಯೋಜನೆಯೇ ಅನ್ವಯಿಸುವುದಿಲ್ಲ; ಯಾವುದಾದರೂ ಇಲಾಖೆ ಕೈಹಿಡಿದರೆ ಪುಣ್ಯ.

ಇನ್ನು ಕೆಲಸ. 2022ರ ಯುಜಿಸಿ ನಿಯಮದ ಪ್ರಕಾರ ಸ್ಕಾಲರುಗಳಿಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ, ಪ್ರಯೋಗಾಲಯ, ಮೌಲ್ಯಮಾಪನದ ಸಹಾಯ ವಹಿಸಬಹುದು. ಇವನು ಅಷ್ಟನ್ನು ಸೋಮವಾರವೇ ಮುಗಿಸಿರುತ್ತಾನೆ. ಉಳಿದ ದಿನ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ, ಇಂಟರ್ನಲ್ ಅಂಕಗಳ ಪಟ್ಟಿ, ಸೆಮಿನಾರಿಗೆ ಹಾರ ಶಾಲು ತರುವುದು. ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯಲು ನ್ಯಾಕ್ ತಂಡ ಬರುತ್ತದೆಂದರಂತೂ ಪ್ರಬಂಧ ಮೂಲೆ ಸೇರಿತು. ಐದು ವರ್ಷದ ಫೈಲು, ನೆಟ್ಟು ಒಣಗಿದ ಗಿಡಗಳ ಜಿಯೋ ಟ್ಯಾಗ್ ಫೋಟೊ, ಎಲ್ಲಕ್ಕೂ ಇವನೇ. ರಾತ್ರಿ ಹತ್ತಕ್ಕೆ ಗೈಡ್ ಫೋನು: "ಏನಪ್ಪಾ, ಫ್ರೀ ಇದ್ದೀಯಾ?" ಈ ಪ್ರಶ್ನೆಗೆ "ಇಲ್ಲ ಸರ್" ಎಂದ ಸ್ಕಾಲರ್ ಈ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಇಷ್ಟು ದುಡಿದವನು ಒಮ್ಮೆ ಪ್ರಾವಿಡೆಂಟ್ ಫಂಡ್ ಬಗ್ಗೆ ವಿಚಾರಿಸಿದ. ಕಚೇರಿಯವರು ಕನ್ನಡಕ ತೆಗೆದು, "ನೀವು ವಿದ್ಯಾರ್ಥಿ ಕಣ್ರೀ" ಎಂದರು.

ಇವನ ರೂಮ್‌ಮೇಟ್‌ನ ಕಥೆಯೇ ಬೇರೆ. ಅವನಪ್ಪ ಪ್ರೊಫೆಸರ್. ಅವನಿಗೂ ಅದೇ ಜೆಆರ್‌ಎಫ್, ಅದೇ ವಿಳಂಬ. ಆದರೆ "ಬರುತ್ತೆ ಬಿಡೋ, ಒಟ್ಟಿಗೇ ಬಂದರೆ ಒಳ್ಳೇದೇ, ಬೈಕ್ ತಗೋಬಹುದು" ಎನ್ನುತ್ತಾನೆ. ಗೈಡ್ ಎದುರು ಕಾಲ ಮೇಲೆ ಕಾಲು ಹಾಕಿ ಕೂರಬಲ್ಲ. ಅಂಥವರೊಬ್ಬರನ್ನು ದಿನಾ ಬನಿಯನ್‌ನಲ್ಲಿ ನೋಡಿ ಬೆಳೆದವನು. ನಮ್ಮವನೋ, ಗೈಡ್ ಫೋನ್ ಮಾಡಿದರೂ ಎದ್ದು ನಿಲ್ಲುತ್ತಾನೆ. ಕಾಯುವುದಕ್ಕೂ ಮನೆಯಲ್ಲಿ ಆಸ್ತಿ ಇರಬೇಕು. ಇವನ ಮನೆಯಲ್ಲಿರುವುದು ಮೂರೆಕರೆ ಖುಷ್ಕಿ ಮತ್ತು "ತಮ್ಮಾ, ಸಾಲಿ ಇನ್ನಾ ಮುಗಿಲಿಲ್ಲೇನ?" ಎಂದು ಕೇಳುವ ಅಪ್ಪ. "ಮುಗೀತ ಬಂತಪ್ಪ" ಎನ್ನುವ ಉತ್ತರದಲ್ಲಿ ನಾಲ್ಕು ವರ್ಷದಿಂದ ತಿದ್ದುಪಡಿ ಆಗಿಲ್ಲ.

ಫೆಲೋಶಿಪ್ಪಿನ ಅವಧಿ ಐದು ವರ್ಷ. ಪ್ರಬಂಧ ಒಪ್ಪಿಸಲು ನಿಯಮ ಕೊಡುವುದು ಆರು ವರ್ಷ. ಆ ಆರನೆಯದನ್ನು ಹೇಗೆ ದಾಟಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ. ಅದಿರಲಿ, ವಿಶ್ವವಿದ್ಯಾಲಯದ ಕಚೇರಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಈ ತಿಂಗಳ ಹಾಜರಾತಿ ಪಟ್ಟಿ ನಿಮ್ಮ ಮೇಜಿನ ಮೇಲಿದ್ದರೆ, ಊಟಕ್ಕೆ ಏಳುವ ಮೊದಲು ದಯವಿಟ್ಟು ದೃಢೀಕರಿಸಿಬಿಡಿ.