ಗೋಲ್‌ಕೀಪರ್: ಬಳಸುವ ಮುನ್ನ ತಪ್ಪದೆ ಓದಿ

ಗೋಲ್‌ಕೀಪರ್ ವೃತ್ತಿಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆ. ಆರಿಸಿಕೊಂಡವರು ನೀವೇ ಎಂಬುದು ನಮ್ಮ ಔಪಚಾರಿಕ ನಂಬಿಕೆ. ನಡೆದದ್ದು ಬೇರೆ. ಗಲ್ಲಿಯಲ್ಲಿ ಎರಡು ಜೊತೆ ಚಪ್ಪಲಿ ಇಟ್ಟು ಗೋಲು ಮಾಡಿಕೊಂಡ ದಿನ, ಎಲ್ಲರಿಗಿಂತ ಚಿಕ್ಕವರೋ ದಪ್ಪಗಿದ್ದವರೋ ತಡವಾಗಿ ಬಂದವರೋ ನೀವಾಗಿದ್ದಿರಿ. "ನೀನು ಗೋಲಿ ನಿಂತ್ಕೊಳ್ಳೋ" ಅಂದರು, ನಿಂತಿರಿ. ಇಷ್ಟು ವರ್ಷವಾದರೂ ಯಾರೂ ಬಂದು "ಸಾಕು, ಈಗ ನೀನು ಆಡು" ಅನ್ನಲಿಲ್ಲ. ಇದನ್ನೇ ವೃತ್ತಿಜೀವನ ಎನ್ನುತ್ತಾರೆ.

ಈ ಕೈಪಿಡಿಯನ್ನು ಜೋಪಾನವಾಗಿಡಿ. ತಪ್ಪಾದಾಗ ಬೇಕಾಗುತ್ತದೆ. ತಪ್ಪಾಗುತ್ತದೆ.

ಪೆಟ್ಟಿಗೆಯೊಳಗೆ ಏನೇನಿದೆ

ಗೋಲು, 1: ಅಗಲ 7.32 ಮೀಟರ್, ಎತ್ತರ 2.44 ಮೀಟರ್. ನಮ್ಮ ಸೈಟಿನ ಲೆಕ್ಕದಲ್ಲಿ 24 ಅಡಿಗೆ 8 ಅಡಿ, ಅಂದರೆ 192 ಚದರಡಿ. ಮೂವತ್ತು-ನಲವತ್ತು ಸೈಟಿನ ಮನೆಯ ಹಾಲನ್ನು ಕಿತ್ತು ನೆಟ್ಟಗೆ ನಿಲ್ಲಿಸಿದರೆ ಎಷ್ಟಾಗುತ್ತದೋ ಅಷ್ಟು. ಅದಕ್ಕೆ ಬಾಗಿಲು ನೀವೊಬ್ಬರೇ.

ಗ್ಲೌಸು, 1 ಜೊತೆ: ಅಂಗೈಗೆ ಲೇಟೆಕ್ಸ್ ಇದೆ. ಆಟಕ್ಕೆ ಮುಂಚೆ ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ. ಒಣಗಿದ್ದರೆ ಚೆಂಡು ಜಾರುತ್ತದೆ. ಬಿಸಿಲಿಗೆ ಒಣಹಾಕಬೇಡಿ, ಬಿರುಕು ಬಿಡುತ್ತದೆ.

ಅಂಗಿ, 1: ಉಳಿದ ಹತ್ತು ಜನರ ಬಣ್ಣದ್ದಲ್ಲ, ನಿಯಮವೇ ಹಾಗಿದೆ. ಕಪ್ ಗೆದ್ದ ಫೋಟೋದಲ್ಲಿ, ಪಕ್ಕದ ಛತ್ರಕ್ಕೆ ಹೋಗಬೇಕಾದ ನೆಂಟರು ದಾರಿ ತಪ್ಪಿ ಬಂದು ನಿಂತಂತೆ ಕಾಣುತ್ತೀರಿ.

ಮರೆವು: ಪೆಟ್ಟಿಗೆಯಲ್ಲಿ ಇಲ್ಲ. ಬೇರೆಯಾಗಿ ಸಂಪಾದಿಸಿಕೊಳ್ಳಬೇಕು. ಇದು ಇಲ್ಲದಿದ್ದರೆ ಉಳಿದ ಯಾವ ಭಾಗವೂ ಕೆಲಸ ಮಾಡುವುದಿಲ್ಲ.

ನಿಲ್ಲಿಸುವ ವಿಧಾನ

1. ಮಂಡಿ ಕೊಂಚ ಬಗ್ಗಿಸಿ. ಭಾರ ಮುಂಗಾಲಿನ ಮೇಲಿರಲಿ. ಕೈಗಳು ಮುಂದೆ, ಕಣ್ಣು ಚೆಂಡಿನ ಮೇಲೆ.

2. ಚೆಂಡಿನಿಂದ ಎರಡೂ ಕಂಬಗಳಿಗೆ ಮನಸ್ಸಿನಲ್ಲೇ ಗೆರೆ ಎಳೆದು ಅವುಗಳ ನಡುವೆ ನಿಲ್ಲಿ. ಎರಡು ಹೆಜ್ಜೆ ಮುಂದೆ ಬಂದರೆ ಒದೆಯುವವನ ಕಣ್ಣಿಗೆ ಗೋಲು ಚಿಕ್ಕದಾಗುತ್ತದೆ. ನಾಲ್ಕು ಹೆಜ್ಜೆ ಬಂದರೆ ಚೆಂಡು ನಿಮ್ಮ ನೆತ್ತಿಯ ಮೇಲಿಂದ ಒಳಗೆ ಹೋಗುತ್ತದೆ. ಎರಡು ಮತ್ತು ನಾಲ್ಕರ ವ್ಯತ್ಯಾಸ ತಿಳಿಯಲು ಹತ್ತು-ಹದಿನೈದು ವರ್ಷ ಬೇಕು.

3. ಸರಿಯಾಗಿ ನಿಂತವರಿಗೆ ಹಾರುವ ಕೆಲಸವಿಲ್ಲ. ಚೆಂಡು ತಾನಾಗಿ ಎದೆಗೆ ಬರುತ್ತದೆ. ನೋಡಿದವರು "ನೇರ ಕೀಪರ್‌ಗೇ ಒದ್ದ, ಪೆದ್ದ" ಎಂದು ಫಾರ್ವರ್ಡನ್ನು ಬೈಯುತ್ತಾರೆ. ತಪ್ಪು ಜಾಗದಲ್ಲಿ ನಿಂತು, ಕೊನೆಯ ಗಳಿಗೆಯಲ್ಲಿ ಬಾಳೆಗೊನೆಯಂತೆ ಅಡ್ಡಡ್ಡ ತೂಗಾಡಿ ಚೆಂಡನ್ನು ಬೆರಳ ತುದಿಯಲ್ಲಿ ತಳ್ಳಿದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ.

4. ಕ್ರಾಸ್ ಬಂದಾಗ "ಕೀಪರ್!" ಎಂದು ಕೂಗಿ ಮುನ್ನುಗ್ಗಿ. ಕೂಗಿದ ಮೇಲೆ ಮನಸ್ಸು ಬದಲಿಸಬೇಡಿ. ಅರ್ಧ ದಾರಿಯಲ್ಲಿ ನಿಂತ ಕೀಪರ್‌ಗೆ ತ್ರಿಶಂಕು ಸ್ವರ್ಗವೇ ಗತಿ.

ಆವೃತ್ತಿ ಬದಲಾವಣೆಗಳು

ಹಳೆಯ ಮಾದರಿಯಲ್ಲಿ ಕೀಪರನ ಕೈ ತನ್ನ ಅರ್ಧ ಮೈದಾನದ ಉದ್ದಕ್ಕೂ ಕೆಲಸ ಮಾಡುತ್ತಿತ್ತು. 1912ರಲ್ಲಿ ಅದನ್ನು ಪೆನಾಲ್ಟಿ ಬಾಕ್ಸಿಗೆ ಕಟ್ಟಿಹಾಕಿದರು. 1990ರ ಇಟಲಿ ವಿಶ್ವಕಪ್‌ನಲ್ಲಿ ತಂಡಗಳು ಒಂದು ಗೋಲು ಹೊಡೆದು, ಆಮೇಲೆ ಚೆಂಡನ್ನು ಹಿಂದಕ್ಕೆ ಕೀಪರ್‌ಗೆ ಕೊಟ್ಟು ಹೊತ್ತು ಕಳೆದವು. ಆದ್ದರಿಂದ 1992ರಿಂದ, ತಮ್ಮವರೇ ಬೇಕೆಂದು ಕಾಲಿನಲ್ಲಿ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ. 2025ರಿಂದ ಚೆಂಡು ಕೈಯಲ್ಲಿರಬಹುದಾದ ಅವಧಿ 8 ಸೆಕೆಂಡ್. ಕೊನೆಯ ಐದನ್ನು ರೆಫರಿ ಬೆರಳೆತ್ತಿ ಎಣಿಸುತ್ತಾರೆ, ಮೀರಿದರೆ ಎದುರಾಳಿಗೆ ಕಾರ್ನರ್.

ಗಮನಿಸಿ: ಆವೃತ್ತಿಗಳು ಬದಲಾದಂತೆ ಕೈಗಿದ್ದ ಸ್ವಾತಂತ್ರ್ಯ ಒಟ್ಟಿನಲ್ಲಿ ಕಡಿಮೆಯಾಗಿದೆ. ಬೈಗುಳದ ಪ್ರಮಾಣದಲ್ಲಿ ಬದಲಾವಣೆ ಇಲ್ಲ.

ಪೆನಾಲ್ಟಿ ಬಂದಾಗ

ದೂರ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದರೆ ಚೆಂಡು ಗೆರೆ ಮುಟ್ಟಲು 0.4 ಸೆಕೆಂಡ್ ಸಾಕು. ಇಷ್ಟರಲ್ಲಿ ನೋಡಿ, ಯೋಚಿಸಿ, ಹಾರುವುದು ಆಗದ ಮಾತು. ಆದ್ದರಿಂದ ಯೋಚನೆಯನ್ನು ಬಿಟ್ಟುಬಿಡಿ.

ಇಸ್ರೇಲಿನ ಸಂಶೋಧಕರು 2007ರಲ್ಲಿ 286 ಪೆನಾಲ್ಟಿಗಳ ಲೆಕ್ಕ ಹಾಕಿದರು. ಕೀಪರ್‌ಗಳು ನೂರಕ್ಕೆ ಸುಮಾರು 94 ಸಲ ಎಡಕ್ಕೋ ಬಲಕ್ಕೋ ಹಾರಿದ್ದರು. ಹಾರಿದವರು ತಡೆದದ್ದು ಶೇ. 15ಕ್ಕೂ ಕಡಿಮೆ. ನಡುವೆ ಸುಮ್ಮನೆ ನಿಂತ ಕೆಲವರು ಮಾತ್ರ ಮೂರರಲ್ಲಿ ಒಂದನ್ನು ತಡೆದಿದ್ದರು. ಹಾಗಿದ್ದರೆ ನಿಲ್ಲಬಾರದೇ ಎಂದು ಕೇಳಬಹುದು. ಹಾರಿ ಗೋಲು ಬಿಟ್ಟರೆ "ಪಾಪ, ಪ್ರಯತ್ನಪಟ್ಟ" ಅನ್ನುತ್ತಾರೆ. ನಿಂತು ಗೋಲು ಬಿಟ್ಟರೆ "ಕಂಬದ ಹಾಗೆ ನಿಂತಿದ್ದ" ಅನ್ನುತ್ತಾರೆ. ಕಂಬ ಈಗಾಗಲೇ ಎರಡಿವೆ.

ಚೀಟಿ ಇಟ್ಟುಕೊಳ್ಳಬಹುದು. 2006ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ಯೆನ್ಸ್ ಲೆಹ್ಮನ್, ಅರ್ಜೆಂಟೀನಾದ ಯಾರು ಯಾವ ಕಡೆ ಒದೆಯುತ್ತಾರೆಂದು ಬರೆದ ಚೀಟಿಯನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದರು, ಪರೀಕ್ಷೆಗೆ ಕಾಪಿ ಚೀಟಿ ಒಯ್ದಂತೆ. ಕೊನೆಯಲ್ಲಿ ಬಂದ ಕಂಬಿಯಾಸೊ ಹೆಸರು ಅದರಲ್ಲಿ ಇರಲೇ ಇಲ್ಲ. ಲೆಹ್ಮನ್ ಆದರೂ ಚೀಟಿ ತೆಗೆದು ಗಂಭೀರವಾಗಿ ಓದಿದರು, ಒದೆತವನ್ನು ತಡೆದರು. ಚೀಟಿ ಈಗ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕಾಪಿ ಚೀಟಿಗೆ ಇಂಥ ಗೌರವ ಬೇರೆಲ್ಲೂ ಸಿಕ್ಕಿಲ್ಲ.

ಎಂದಾದರೊಮ್ಮೆ ಎಲ್ಲವೂ ಕೂಡಿಬರುತ್ತದೆ. 2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಕುವೈತ್‌ನ ಕೊನೆಯ ಒದೆತಕ್ಕೆ ಗುರುಪ್ರೀತ್ ಸಿಂಗ್ ಸಂಧು ಹಾರಿದರು, ಚೆಂಡು ಕೈಗೆ ಬಡಿಯಿತು, ಭಾರತ 5-4ರಲ್ಲಿ ಗೆದ್ದಿತು. ಇದನ್ನು ನೋಡಿ ಮಕ್ಕಳು ಕೀಪರ್ ಆಗಲು ಹೊರಟರೆ ತಯಾರಕರು ಹೊಣೆಯಲ್ಲ.

ಸ್ಟ್ಯಾಂಡ್‌ಬೈ ಮೋಡ್

ತಂಡಕ್ಕೆ ಕೀಪರ್ ಮೂವರು, ಗೋಲು ಒಂದೇ. ಮೂರನೆಯವರು ದಿನವೂ ಅಭ್ಯಾಸ ಮಾಡಿ, ಬೂಟು ಕಟ್ಟಿ, ಬೆಂಚಿನಲ್ಲಿ ಕೂರಬೇಕು. ಇಂಗ್ಲೆಂಡಿನ ಸ್ಕಾಟ್ ಕಾರ್ಸನ್ 2005ರಲ್ಲಿ ಲಿವರ್‌ಪೂಲ್ ಪರವಾಗಿ, 2023ರಲ್ಲಿ ಮ್ಯಾಂಚೆಸ್ಟರ್ ಸಿಟಿ ಪರವಾಗಿ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದ ತಂಡದಲ್ಲಿದ್ದರು. ಎರಡೂ ನಡೆದದ್ದು ಇಸ್ತಾಂಬುಲ್‌ನಲ್ಲಿ, ಹದಿನೆಂಟು ವರ್ಷದ ಅಂತರದಲ್ಲಿ. ಎರಡರಲ್ಲೂ ಸೇರಿ ಆಡಿದ ನಿಮಿಷಗಳು: ಸೊನ್ನೆ. ಬಿಟ್ಟ ಗೋಲುಗಳೂ ಸೊನ್ನೆ. ನಮ್ಮ ಉತ್ಪನ್ನಗಳಲ್ಲಿ ದೂರು ಬಾರದ ಮಾದರಿ ಇದೊಂದೇ.

ದೋಷ ಮತ್ತು ಪರಿಹಾರ

ತಲೆಗೆ ಪೆಟ್ಟು: 2006ರಲ್ಲಿ ಪೀಟರ್ ಚೆಕ್ ತಲೆಬುರುಡೆ ಬಿರುಕು ಬಿಟ್ಟಿತು. ಮೆತ್ತನೆಯ ಶಿರಸ್ತ್ರಾಣ ಹಾಕಿಕೊಂಡು 2019ರಲ್ಲಿ ನಿವೃತ್ತರಾಗುವವರೆಗೂ ಆಡಿದರು.

ಕತ್ತು ನೋವು: 1956ರ ಎಫ್‌.ಎ. ಕಪ್ ಫೈನಲ್‌ನಲ್ಲಿ ಬರ್ಟ್ ಟ್ರೌಟ್‌ಮನ್ ಇನ್ನೂ 17 ನಿಮಿಷ ಉಳಿದಿರುವಾಗ ಕತ್ತು ಮುರಿದುಕೊಂಡರು. ಬದಲಿ ಆಟಗಾರರ ಪದ್ಧತಿ ಆಗ ಇರಲಿಲ್ಲ; ಆಡಿ ಮುಗಿಸಿದರು, ಗೆದ್ದರು. ಮುರಿದದ್ದು ಗೊತ್ತಾದದ್ದು ಕೆಲವು ದಿನದ ನಂತರ, ಎಕ್ಸ್‌ರೇಯಲ್ಲಿ. ಮನೆಯಲ್ಲಿ ಪ್ರಯತ್ನಿಸಬೇಡಿ.

ಪ್ರಶಸ್ತಿ ಬರುತ್ತಿಲ್ಲ: ಪುರುಷರ ಬ್ಯಾಲನ್ ಡಿ'ಓರ್ 1956ರಿಂದ ಇದೆ. ಕೀಪರ್‌ಗೆ ಸಿಕ್ಕಿದ್ದು ಒಂದೇ ಸಲ, 1963ರಲ್ಲಿ, ಮಾಸ್ಕೋದ ಲೆವ್ ಯಾಶಿನ್‌ಗೆ. ಕಾಯಿರಿ.

ಹೆಸರು ಯಾರಿಗೂ ನೆನಪಿಲ್ಲ: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1-2ರಲ್ಲಿ ಸೋತಿತು. ಬರಿಗಾಲಿನಲ್ಲಿ ಆಡಿದ್ದು, ಎರಡು ಪೆನಾಲ್ಟಿ ಕಳೆದುಕೊಂಡದ್ದು ಇಂದಿಗೂ ಕಥೆ. 89ನೇ ನಿಮಿಷದವರೆಗೆ 1-1 ಉಳಿಸಿಕೊಂಡು ಗೋಲಿನಲ್ಲಿ ನಿಂತಿದ್ದವರು ನಮ್ಮ ಬೆಂಗಳೂರಿನ ಕೆ.ವಿ. ವರದರಾಜ್. ಆ ಹೆಸರು ಕಥೆಯಲ್ಲಿ ಬರುವುದಿಲ್ಲ. ಇದು ದೋಷವಲ್ಲ, ಉಪಕರಣ ಸರಿಯಾಗಿ ಕೆಲಸ ಮಾಡಿದ ಲಕ್ಷಣ.

ವಾರಂಟಿ

ದೇಹಕ್ಕೆ ವಾರಂಟಿ ದೀರ್ಘವಾದದ್ದು. ಡೀನೊ ಝಾಫ್ 1982ರಲ್ಲಿ ಇಟಲಿಯ ನಾಯಕರಾಗಿ ವಿಶ್ವಕಪ್ ಎತ್ತಿದಾಗ ವಯಸ್ಸು 40. ಈಜಿಪ್ಟಿನ ಎಸ್ಸಾಮ್ ಎಲ್-ಹದರಿ 2018ರಲ್ಲಿ 45ರ ವಯಸ್ಸಿಗೆ ವಿಶ್ವಕಪ್ ಪಂದ್ಯವಾಡಿ ಪೆನಾಲ್ಟಿಯನ್ನೂ ತಡೆದರು.

ಹೆಸರಿಗೆ ವಾರಂಟಿ ಇಲ್ಲ. 1950ರ ಜುಲೈ 16, ಮರಕಾನ ಕ್ರೀಡಾಂಗಣ, ವಿಶ್ವಕಪ್‌ನ ನಿರ್ಣಾಯಕ ಪಂದ್ಯ. ಬ್ರೆಜಿಲ್‌ಗೆ ಡ್ರಾ ಆದರೂ ಸಾಕಿತ್ತು. ಉರುಗ್ವೆಯ ಗಿಗ್ಗಿಯಾ ಬಲಬದಿಯಿಂದ ನುಗ್ಗಿದ್ದ. ತನ್ನ ತಂಡದ ಮೊದಲ ಗೋಲಿನ ಹೊತ್ತಿಗೂ ಹೀಗೇ ಬಂದು ಚೆಂಡನ್ನು ನಡುವಿಗೆ ಕೊಟ್ಟಿದ್ದ. ಅದು ಬ್ರೆಜಿಲ್ ಕೀಪರ್ ಮೊಯಾಸಿರ್ ಬಾರ್ಬೋಸಾಗೆ ನೆನಪಿತ್ತು; ಒಂದು ಹೆಜ್ಜೆ ಮುಂದೆ ಬಂದರು. ಚೆಂಡು ಅವರಿಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಒಳಗೆ ಹೋಯಿತು, ಬ್ರೆಜಿಲ್ ಸೋತಿತು. ಬಾರ್ಬೋಸಾ 2000ದಲ್ಲಿ ತೀರಿಕೊಂಡರು. ಬ್ರೆಜಿಲ್‌ನಲ್ಲಿ ಗರಿಷ್ಠ ಜೈಲುಶಿಕ್ಷೆ ಮೂವತ್ತು ವರ್ಷ, ತಾನು ಐವತ್ತು ವರ್ಷ ಅನುಭವಿಸುತ್ತಿದ್ದೇನೆ ಎಂದು ಕೊನೆಗಾಲದಲ್ಲಿ ಹೇಳಿಕೊಂಡಿದ್ದರು. ಮರೆವು ಪೆಟ್ಟಿಗೆಯಲ್ಲಿಲ್ಲ ಎಂದು ಮೊದಲೇ ತಿಳಿಸಿದ್ದೆವು. ಅದು ಕೀಪರ್‌ಗೆ ಒಬ್ಬರಿಗೇ ಇದ್ದರೆ ಸಾಲದು ಎಂದು ತಿಳಿಸಿರಲಿಲ್ಲ.

ಕೊನೆಯ ಸೂಚನೆ

ಗೋಲಾದ ಮೇಲೆ ಚೆಂಡು ಬಲೆಯ ತಳದಲ್ಲಿ ಬಿದ್ದಿರುತ್ತದೆ. ಅದನ್ನು ಕೀಪರೇ ಎತ್ತಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ಡಿಫೆಂಡರ್‌ಗಳು ಆಗ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿರುತ್ತಾರೆ. ಹಿಂದಕ್ಕೆ ತಿರುಗಿ. ಬಗ್ಗಿ. ಎತ್ತಿಕೊಳ್ಳಿ. ನಡುಗೆರೆಯ ಕಡೆಗೆ ಜೋರಾಗಿ ಒದೆಯಿರಿ. ಅದು ಅಲ್ಲಿ ನೆಲ ಮುಟ್ಟುವುದರೊಳಗೆ ಆದದ್ದನ್ನು ಮರೆತಿರಬೇಕು.

ಆಮೇಲೆ ಮಂಡಿ ಕೊಂಚ ಬಗ್ಗಿಸಿ. ಭಾರ ಮುಂಗಾಲಿನ ಮೇಲಿರಲಿ.