ತಳಿಯ ಮಾತ್ರಾಛಂದಸ್ಸು

ಮೊದಲು ಪದನಿರ್ಣಯ. ‘ತಳಿ’ ಎಂದರೆ ಹಳಗನ್ನಡದಲ್ಲಿ ಚಿಮುಕಿಸು. ಕೃಷಿ ಇಲಾಖೆಯ ಕನ್ನಡದಲ್ಲಿ ಬೀಜದ ಜಾತಿ. ತಂಪು ಹವೆಗೆ ಮರುಳಾದ ಬ್ರಿಟಿಷರಿಗೆ ‘ಲಿಟ್ಲ್ ಇಂಗ್ಲೆಂಡ್’. ಡೆಂಕಣಿಕೋಟೆ ಬಸ್ಸಿನಲ್ಲಿ ಟಿಕೆಟ್ ಕೇಳುವವರಿಗೆ ಮಾತ್ರ ಕೃಷ್ಣಗಿರಿ ಜಿಲ್ಲೆಯ ಊರು. ‘ಮಾತ್ರೆ’ ಎಂದರೆ ಹ್ರಸ್ವಾಕ್ಷರವೊಂದನ್ನು ಉಚ್ಚರಿಸಲು ಹಿಡಿಯುವ ಕಾಲ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಛಂದಸ್ಸಿನವರು. ತಳಿಯ ಸಂಪ್ರದಾಯವೂ ಅದೇ: ಸುಗರು ಲಘುವಾಗಿದ್ದರೆ ಒಂದು, ಗುರುವಾದರೆ ಎರಡು.

ಸುಗರು, ಬಿಪಿಗಳ ವಿಷಯದಲ್ಲಿ ಇಲ್ಲಿ ಎರಡು ಪಂಥಗಳುಂಟು: ಹಿಟ್ಟಿನದು, ಮಾತ್ರೆಯದು. ಹಿಟ್ಟಿನ ಪಂಥಕ್ಕೆ ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯೇ ವೇದ. ಕನ್ನಡದವರ ಮುದ್ದೆ, ತೆಲುಗರ ಸಂಗಟಿ, ತಮಿಳರ ಕಳಿ: ಒಂದೇ ಬ್ರಹ್ಮಕ್ಕೆ ಮೂರು ಹೆಸರು. ಮೂರು ಭಾಷೆಯ ತಾತಂದಿರೂ ಜಗಳವಿಲ್ಲದೆ ಒಪ್ಪುವ ಸಂಗತಿ ಇದೊಂದೇ. “ನಮ್ಮಪ್ಪ ಎರಡು ಇಟ್ಟು ಉಣ್ಣೋರು, ಒಂದಿನ ಆಸ್ಪತ್ರೆ ಮೆಟ್ಲು ಹತ್ಲಿಲ್ಲ” ಎಂಬುದು ಈ ಪಂಥದ ಮಂಗಳಶ್ಲೋಕ. ಹತ್ತೋಣವೆಂದರೆ ಆಗ ಹತ್ತಿರದಲ್ಲಿ ಆಸ್ಪತ್ರೆ ಎಲ್ಲಿತ್ತು ಎಂದಾಗಲಿ, ಅಪ್ಪನ ಬೆನ್ನಿಗೆ ಹುಟ್ಟಿದವರಲ್ಲಿ ಉಳಿದವರೆಷ್ಟು ಎಂದಾಗಲಿ ಕೇಳುವುದು ಅಧಿಕಪ್ರಸಂಗ.

ಈ ಪಂಥದ ಬಲವಾದ ಸಾಕ್ಷಿ ಆನೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯ ದಾರಿ ಹಿಡಿದು ಹಿಂಡುಹಿಂಡಾಗಿ ಬರುತ್ತವೆ. ರಾಗಿ ಮೇಯುತ್ತವೆ, ಬಿಪಿ ಇದೆ ಎಂದು ಯಾವ ಆನೆಯೂ ಹೇಳಿಕೊಂಡದ್ದಿಲ್ಲ. ಆದರೆ ಅವು ಅಷ್ಟು ದೂರ ನಡೆದು ಬರುತ್ತವೆ ಎಂಬ ಸಾಲನ್ನು ಭಾಷ್ಯಕಾರರು ನುಂಗಿಬಿಡುತ್ತಾರೆ. ಅದೇ ಹೊಲಕ್ಕೆ ನಾವು ಹೋಗುವುದು ಹೊಸೂರಿನಲ್ಲಿ ತಯಾರಾದ ಮೊಪೆಡ್ಡಿನಲ್ಲಿ. ಇನ್ನು ಬಿಪಿ ಏರುವುದೇನಿದ್ದರೂ ಪಟಾಕಿ ಹಿಡಿದು ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತವನದು.

ಮಾತ್ರೆಯ ಪಂಥದ ಇತಿಹಾಸ ಸ್ಪಷ್ಟವಾಗಿದೆ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿದರು. ತಮಿಳಿನ ‘ಮಕ್ಕಳ್’ ಎಂದರೆ ಜನ. ಕನ್ನಡ ಕಿವಿಗೆ ಅದು ಮಕ್ಕಳು. “ಎಪ್ಪತ್ತು ದಾಟಿದೋನಿಗೆ ಮಕ್ಕಳ ಔಷಧಿ ಯಾಕಮ್ಮಾ?” ಎಂದು ತಾತನೊಬ್ಬ ಕೇಳಿದರೆ ಅದು ಅಜ್ಞಾನವಲ್ಲ, ಪಾಠಾಂತರ. ಯೋಜನೆಯಂತೆ ಬಿಪಿ, ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೇ ಮಾತ್ರೆ ಬರುತ್ತದೆ. ಮೊದಲು ಮಾತ್ರೆಯ ನೆಪದಲ್ಲಾದರೂ ಬಸ್‌ಸ್ಟ್ಯಾಂಡಿನ ತನಕ ನಡೆಯಬೇಕಿತ್ತು. ‘ದಿನಾ ನಡೀರಿ’ ಎಂಬ ಡಾಕ್ಟರ ಸೂತ್ರ ಈಗಲೂ ತಪ್ಪದೆ ಪಾಲನೆಯಾಗುತ್ತಿದೆ. ನಡೆಯುವವಳು ಮಾತ್ರೆ ತರುವ ಹೆಂಗಸು.

‘ಇಂಗ್ಲಿಷ್ ಮಾತ್ರೆ ಬರೀ ಕೆಮಿಕಲ್ಲು’ ಎಂಬ ಆಕ್ಷೇಪಕ್ಕೆ ಉತ್ತರ ಸಾರಿನ ಗಡಿಗೆಯಲ್ಲೇ ಇದೆ. ಮೆಟ್‌ಫಾರ್ಮಿನ್ ಹುಟ್ಟಿದ್ದು ಯೂರೋಪಿನ ಗಲೇಗಾ ಎಂಬ ಗಿಡದ ಜಾಡು ಹಿಡಿದು. ಪ್ರಯೋಗಾಲಯದಲ್ಲಿ ಅದನ್ನು 1922ರಲ್ಲೇ ತಯಾರಿಸಿದ್ದರೂ, ಸಕ್ಕರೆ ಕಾಯಿಲೆಗೆ ಆಗಿಬರುತ್ತದೆ ಎಂದು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಪ್ರಕಟಿಸಿದ್ದು 1957ರಲ್ಲಿ. ಗಲೇಗಾ ನಮ್ಮ ಅವರೆಯ ಕುಟುಂಬದ್ದೇ. ಅಂದರೆ ಮಾತ್ರೆಯೂ ಅವರೆಕಾಯಿ ಸಾರೂ ದಾಯಾದಿಗಳು. ಅತ್ತ ಮುದ್ದೆಯೂ ಅಷ್ಟೇನೂ ನಿರಪರಾಧಿಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ನೇಗಿಲು ಹೊಡೆದವನಿಗೆ ಅದು ಸಂಜೆಗೆಲ್ಲ ಕರಗುತ್ತಿತ್ತು. ಸೀರಿಯಲ್ ನೋಡುವವನಿಗೆ ಯಾವಾಗ ಕರಗಬೇಕು?

ಆದರೂ ಸುಗರು ಇಳಿದರೆ ಕೀರ್ತಿ ಮುದ್ದೆಗೆ, ಏರಿದರೆ ಅಪಕೀರ್ತಿ ಮಾತ್ರೆಗೆ. ಇಷ್ಟಾಗಿಯೂ ಎರಡು ಪಂಥಗಳಿಗೆ ಒಂದು ಸಮಾನ ಸೂತ್ರವಿದೆ: ಎರಡನ್ನೂ ಅಗಿಯಬಾರದು, ನುಂಗಬೇಕು. ಈ ಸಮನ್ವಯವನ್ನು ಕಂಡುಹಿಡಿದ ಶ್ರೇಯಸ್ಸು ಮೇಲಿನ ತಾತನಿಗೇ ಸಲ್ಲಬೇಕು.

“ಮಾತ್ರೆ ನುಂಗಿದ್ಯಾ ತಾತಾ?”

“ನುಂಗ್ದೆ ತಾಯಿ. ಗಂಟಲಿಗೆ ಹಿಡಿಯುತ್ತೆ ಅಂತ ಇಟ್ಟಿನೊಳಗಿಟ್ಟು ನುಂಗ್ದೆ.”

“ಎಷ್ಟು ಇಟ್ಟು ಉಂಡೆ?”

“ನೀನು ಕೊಟ್ಟಿದ್ದು ಎರಡು ಮಾತ್ರೆ ಅಲ್ವಾ? ಒಂದಕ್ಕೊಂದು.”