‘ಪಿಚ್ಚರ್ ಹೆಂಗಿತ್ತು?’ ಮೀಮಾಂಸೆ

೧. ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲಿಗೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಳೆ. ಒಪ್ಪಿಸುತ್ತಿದ್ದೇವೆ.

ವಿಷಯ: ಮೊನ್ನೆ ಮೊನ್ನೆ ನೋಡಿದ ಸಿನಿಮಾದ ಬಗ್ಗೆ ಚಹದಂಗಡಿಯ ಮುಂದೆ, ಲಿಫ್ಟಿನೊಳಗೆ, ಮದುವೆಮನೆಯ ಎರಡನೇ ಪಂಕ್ತಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಧರ್ಮಾರ್ಥವಾಗಿ ಕೊಡುವ ಅಭಿಪ್ರಾಯ. ಪ್ರಯೋಜನ: ಏನೂ ಇಲ್ಲ. ಆದ್ದರಿಂದಲೇ ಇದು ಶುದ್ಧ ಶಾಸ್ತ್ರ. ಸಂಬಂಧ: ಆ ಅಭಿಪ್ರಾಯಕ್ಕೂ ಆ ಸಿನಿಮಾಕ್ಕೂ ಇರುವ ನಂಟು. ಅಂಥ ನಂಟು ಇದೆಯೇ ಎಂಬುದೇ ಈ ಪ್ರಬಂಧದ ತಕರಾರು. ಅಧಿಕಾರಿ: ಸಮಸ್ತ ಕನ್ನಡಿಗರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಈ ನಾಡಿನವರು ಓದಿ ಕಲಿಯದೆಯೂ ಕಾವ್ಯದಲ್ಲಿ ಪಳಗಿದವರೆಂದು ಸರ್ಟಿಫಿಕೇಟು ಕೊಟ್ಟಿದೆ. ಕಾವ್ಯವನ್ನು ಓದದೆ ಬಲ್ಲವರು ಸಿನಿಮಾವನ್ನು ನೋಡದೆ ಬಲ್ಲರು ಎಂಬುದು ಅದರ ಮುಂದಿನ ಮೆಟ್ಟಿಲು.

೨. ಪೂರ್ವಾಚಾರ್ಯರ ಮತ

ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನು, ಎಂದರೆ ಆಟ ಗೆದ್ದಿತೋ ಸೋತಿತೋ ಎಂಬುದನ್ನು ಕುರಿತದ್ದು. ನೋಡುವ ಜನರ ವರ್ತನೆಯಿಂದ ಗೊತ್ತಾಗುವ ಮಾನುಷೀ ಸಿದ್ಧಿಗೆ ಅಲ್ಲಿ ಹತ್ತು ಲಕ್ಷಣಗಳಿವೆ: ಮುಗುಳ್ನಗು, ಅರೆನಗು, ಗಹಗಹಿಸುವ ನಗು, ‘ಭೇಷ್’ ಎನ್ನುವುದು, ‘ಅಬ್ಬಾ’ ಎನ್ನುವುದು, ‘ಅಯ್ಯೋ ಪಾಪ’ ಎನ್ನುವುದು, ಒಟ್ಟಾಗಿ ಕೂಗುವುದು, ಮೈ ಜುಮ್ಮೆನ್ನುವುದು, ಎದ್ದು ನಿಲ್ಲುವುದು, ಉತ್ತರೀಯ ಉಂಗುರಗಳನ್ನು ರಂಗದತ್ತ ಎಸೆಯುವುದು. ಉಂಗುರದ ಜಾಗಕ್ಕೆ ಚಿಲ್ಲರೆ ಕಾಸು, ಉತ್ತರೀಯದ ಜಾಗಕ್ಕೆ ಹರಿದ ಕಾಗದದ ಚೂರು ಬಂದದ್ದನ್ನು ಬಿಟ್ಟರೆ ಕೆ.ಜಿ. ರಸ್ತೆಯ ಮೊದಲ ದಿನದ ಮೊದಲ ಆಟ ಭರತನ ಕಾಲದಿಂದ ಕದಲಿಲ್ಲ. ಆಟಕ್ಕೆ ಬರುವ ವಿಘ್ನಗಳಲ್ಲಿ ಆನೆ, ಹಾವುಗಳ ಜೊತೆಗೆ, ಎದುರಾಳಿ ಕಡೆಯವರು ಸಗಣಿ, ಮಣ್ಣುಹೆಂಟೆ, ಇರುವೆಗಳನ್ನು ಎಸೆಯುವುದನ್ನೂ ಮುನಿ ಸೇರಿಸಿದ್ದಾನೆ. ಅಭಿಮಾನಿ ಸಂಘಗಳ ನಡುವಿನ ವ್ಯವಹಾರ ಅವನಿಗೆ ಹೊಸತಾಗಿರಲಿಲ್ಲವೆಂದಾಯಿತು.

ತೀರ್ಪಿನಲ್ಲಿ ಜಗಳ ಬಿದ್ದರೆ ಇತ್ಯರ್ಥ ಹೇಳಲು ಹತ್ತು ಮಂದಿ ಪ್ರಾಶ್ನಿಕರನ್ನೂ, ಎಂದರೆ ತೀರ್ಪುಗಾರರನ್ನೂ, ಅವನು ನೇಮಿಸಿದ್ದಾನೆ: ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಸಂಗೀತಗಾರ, ರಾಜಸೇವಕ. ಪ್ರತಿಯೊಬ್ಬರೂ ತಮ್ಮ ತಮ್ಮ ಕಸುಬಿಗೆ ಸೇರಿದ್ದನ್ನು ಮಾತ್ರ ನೋಡತಕ್ಕದ್ದು. ಈ ಪೀಠ ಇಂದಿಗೂ ಖಾಲಿ ಬಿದ್ದಿಲ್ಲ. ನಿವೃತ್ತ ಇನ್‌ಸ್ಪೆಕ್ಟರು ಕೊಲೆಯ ಸಿನಿಮಾ ನೋಡಿ ಬಂದು, ‘ಎಫ್‌ಐಆರ್ ಹಾಗೆಲ್ಲ ಹಾಕಲ್ಲ ಕಣ್ರೀ’ ಎನ್ನುತ್ತಾರೆ. ಡಾಕ್ಟರಿಗೆ ನಾಯಕಿಯ ಸಾವಿಗಿಂತ ಡ್ರಿಪ್ ಹಾಕಿದ ಕೈ ತಪ್ಪಾದದ್ದು ದುಃಖ. ಕುಂದಾಪುರದವರಿಗೆ ಕಥೆ ಹಿಡಿಸಿತು, ಆದರೆ ‘ಅದು ನಮ್ ಬದಿ ಭಾಷಿ ಅಲ್ದೇ ಅಲ್ಲ’. ಇವರು ತಪ್ಪು ಹುಡುಕುವವರೆಂದು ದೂರುವುದು ಶಾಸ್ತ್ರದ್ರೋಹ. ಬಿಲ್ಲುಗಾರನಾದವನು ಬಾಣವನ್ನಲ್ಲದೆ ಇನ್ನೇನನ್ನು ನೋಡಬೇಕು?

೩. ಪ್ರಮಾಣ ವಿಚಾರ

ಸಿನಿಮಾ ಹೀಗೇ ಇದೆ ಎಂಬ ಜ್ಞಾನ ಹುಟ್ಟುವುದು ಎಲ್ಲಿಂದ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಆರು ಪ್ರಮಾಣಗಳೇ ಇಲ್ಲಿಯೂ ಸಾಕು.

ಪ್ರತ್ಯಕ್ಷ: ಟಿಕೆಟ್ ತೆಗೆದು, ಕೂತು, ನೋಡುವುದು. ಇದು ದುಬಾರಿ ಪ್ರಮಾಣ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿ ಇದನ್ನು ಬಡವರಿಗೂ ಎಟುಕಿಸಲು ನೋಡಿತು. ಅದೇ ತಿಂಗಳು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ನಡುನಡುವೆ ಫೋನೂ ನಿದ್ದೆಯೂ ಬರುವುದರಿಂದ ಪ್ರತ್ಯಕ್ಷವನ್ನು ಹೆಚ್ಚು ನಂಬುವಂತಿಲ್ಲ.

ಅನುಮಾನ: ಹೊಗೆ ಕಂಡು ಬೆಂಕಿಯನ್ನು ಊಹಿಸುವ ಹಾಗೆ ಟ್ರೇಲರ್ ಕಂಡು ಸಿನಿಮಾವನ್ನು ಊಹಿಸುವುದು. ಈಚಿನ ಟ್ರೇಲರುಗಳಲ್ಲಿ ಹೊಗೆ, ಬೆಂಕಿ ಎರಡೂ ಧಾರಾಳವಾಗಿರುವುದರಿಂದ ಊಹಿಸಲು ಉಳಿಯುವುದು ಕಥೆಯೊಂದೇ.

ಉಪಮಾನ: ‘ಇದು ಮಲಯಾಳಂನಲ್ಲಿ ಆಗ್ಲೇ ಬಂದಿತ್ತಲ್ಲ!’ ಹೇಳಿದವರು ಆ ಮಲಯಾಳಂ ಚಿತ್ರವನ್ನು ನೋಡಿರಬೇಕೆಂಬ ನಿಯಮವಿಲ್ಲ. ಹಸುವಿನಂತಿರುವುದು ಗವಯ ಎಂದು ಕೇಳಿಸಿಕೊಂಡು ಕಾಡಿಗೆ ಹೊರಟ ಶಾಸ್ತ್ರದ ಮನುಷ್ಯನೂ ಮೊದಲು ಗವಯವನ್ನು ಕಂಡವನಲ್ಲ.

ಶಬ್ದ: ಆಪ್ತವಾಕ್ಯ. ಆಪ್ತನೆಂದರೆ ಮೊದಲ ಆಟ ಮುಗಿಸಿ ಬಂದ ಭಾವಮೈದುನ. ಈ ಪ್ರಮಾಣದ ಬಲವನ್ನು ಕಡೆಗಣಿಸುವಂತಿಲ್ಲ. 2025ರ ಜುಲೈ 25ರಂದು ತೆರೆಕಂಡ, ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ಗೆ ದೊಡ್ಡ ಹೀರೋ ಇರಲಿಲ್ಲ, ಕಟೌಟಿನ ಗದ್ದಲವಿರಲಿಲ್ಲ. ‘ಹೋಗಿ, ನಗ್ತೀರಿ’ ಎಂಬ ಬಾಯಿಮಾತೇ ಅದರ ಆಟಗಳನ್ನು ಹೆಚ್ಚಿಸುತ್ತ ಹೋಯಿತು.

ಅರ್ಥಾಪತ್ತಿ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ; ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಜಾಹೀರಾತು ‘ಭರ್ಜರಿ ಯಶಸ್ಸು’ ಎನ್ನುತ್ತದೆ, ಶನಿವಾರ ಸಂಜೆಯ ಆಟಕ್ಕೂ ಬೇಕಾದ ಸಾಲಿನಲ್ಲಿ ಬೇಕಾದಷ್ಟು ಸೀಟು ಸಿಗುತ್ತವೆ. ಹಾಗಾದರೆ ಜನ ಯಾರಿಗೂ ಕಾಣದ ಹಾಗೆ ನೋಡುತ್ತಿರಬೇಕು.

ಅನುಪಲಬ್ಧಿ: ಎರಡನೇ ಶುಕ್ರವಾರ ಪೋಸ್ಟರು ಕಾಣುವುದಿಲ್ಲ. ಕಾಣದಿರುವುದೇ ಪ್ರಮಾಣ.

೪. ಧ್ವನಿ ವಿಚಾರ

ಆನಂದವರ್ಧನನ ಪ್ರಕಾರ ಹೇಳಿದ್ದಕ್ಕಿಂತ ಹೊಳೆದದ್ದು ದೊಡ್ಡದು. ಸಿನಿಮಾಭಿಪ್ರಾಯದಲ್ಲಂತೂ ಹೊಳೆದದ್ದೇ ಎಲ್ಲ.

‘ಒಂದ್ಸಲ ನೋಡ್ಬಹುದು’: ನಾನು ಸಿಕ್ಕಿಬಿದ್ದೆ, ನೀನೂ ಅನುಭವಿಸು. ‘ಕ್ಯಾಮೆರಾ ವರ್ಕ್ ಸೂಪರ್’: ಕಥೆ ಇಲ್ಲ. ‘ಮೆಸೇಜ್ ಚೆನ್ನಾಗಿದೆ’: ನಿದ್ದೆಯೂ ಚೆನ್ನಾಗಿತ್ತು. ‘ಓಟಿಟಿಗೆ ಬರ್ಲಿ, ನೋಡಿದ್ರಾಯ್ತು’: ಈ ಜನ್ಮದಲ್ಲಿ ನೋಡುವುದಿಲ್ಲ. ‘ನಿಂಗೆ ಇಷ್ಟ ಆಗ್ಬಹುದು’: ನಿನ್ನ ಅಭಿರುಚಿಯ ಮಟ್ಟ ನನಗೆ ಗೊತ್ತು. ‘ಅರ್ಥ ಆಗ್ಬೇಕಂದ್ರೆ ಎರಡು ಸಲ ನೋಡ್ಬೇಕು’: ನನಗೆ ಒಂದೇ ಸಲಕ್ಕೆ ಆಯಿತು. ಉಪೇಂದ್ರರ ‘ಎ’ 1998ರಲ್ಲಿ ಬಂದು ಕಥೆಯನ್ನು ಹಿಂದುಮುಂದಾಗಿ ಹೇಳಿದಂದಿನಿಂದ ಈ ಕೊನೆಯ ವಾಕ್ಯ ನಮ್ಮಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದಿದೆ.

‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು’ ಎಂಬುದನ್ನು ಮಹಾವಾಕ್ಯವೆಂದು ಪರಿಗಣಿಸಬೇಕು. ಯಾವ ಕಾಲದ, ಯಾವ ಭಾಷೆಯ, ಯಾವ ಚಿತ್ರಕ್ಕೂ ಇದು ಹೊಂದುತ್ತದೆ. ನೋಡಿದವನಿಗೂ ನೋಡದವನಿಗೂ ಸಮಾನವಾಗಿ ಒದಗುತ್ತದೆ.

ಅಭಿಪ್ರಾಯಕ್ಕೆ ಕಾಲಪಾಕವೂ ಉಂಟು. ಒಂದೇ ಘಟನೆ ಉಳಿದವರಿಗೆ ಕಂಡಂತೆ ಬೇರೆಬೇರೆ ಎಂಬುದೇ ಕಥೆಯಾಗಿರುವ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಗೆ ಬಂದಾಗ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ವರ್ಷಗಳುರುಳಿದ ಮೇಲೆ ಭಕ್ತರು ಹುಟ್ಟಿಕೊಂಡರು. ಇಂದು ಯಾರನ್ನು ಕೇಳಿದರೂ ‘ನಾನು ಥಿಯೇಟರಲ್ಲೇ ನೋಡಿದ್ದೆ, ಆಗ್ಲೇ ಹೇಳಿದ್ದೆ’ ಎನ್ನುತ್ತಾರೆ. ಇವರೆಲ್ಲ ಅಂದೇ ಬಂದಿದ್ದರೆ ಥಿಯೇಟರಿನ ಗೋಡೆ ಒಡೆಸಬೇಕಾಗುತ್ತಿತ್ತು.

೫. ಸಿದ್ಧಾಂತ

ಇನ್ನು ಪ್ರಯೋಗ. ಅರ್ಥಾಪತ್ತಿಯ ಆ ದೇವದತ್ತನನ್ನೇ ಒಂದು ಸೆಕೆಂಡ್ ಶೋಗೆ ಕಳಿಸೋಣ. ಚಿತ್ರವನ್ನು ಆರಿಸಿದವನು ಅವನೇ. ಹೆಂಡತಿಗೆ ಬೇರೊಂದಕ್ಕೆ ಹೋಗಬೇಕಿತ್ತು. ಕಾರಿನಲ್ಲಿ ಅವಳು ಕೇಳಿದಾಗ ಅವನೆನ್ನುತ್ತಾನೆ, ‘ಸಖತ್ತಾಗಿತ್ತು, ನಿಂಗೆ ಅನ್ನಿಸ್ಲಿಲ್ವಾ?’ ಮರುದಿನ ಆಫೀಸಿನಲ್ಲಿ, ತನಗಿಂತ ಒಂದು ದಿನ ಮೊದಲೇ ನೋಡಿದ್ದ ಗೆಳೆಯನಿಗೆ: ‘ಏನ್ ಗುರು, ಹೈಪ್ ಜಾಸ್ತಿ ಆಯ್ತು.’ ಮಕ್ಕಳನ್ನು ಕರೆದೊಯ್ಯಬೇಕೆಂದಿರುವ ಪಕ್ಕದ ಮನೆಯವರಿಗೆ: ‘ಫ್ಯಾಮಿಲಿ ಜೊತೆ ನೋಡ್ಬಹುದು ಸಾರ್.’ ಹಾಸನದಿಂದ ಫೋನು ಮಾಡಿದ ತಾಯಿಗೆ: ‘ಏನೋ ಇತ್ತಮ್ಮ, ನಿಂಗೆ ಹಿಡ್ಸಲ್ಲ ಬಿಡು.’ ಮಾಸ್ ಟೇಸ್ಟಿನವನೆಂದು ತಾನು ಸದಾ ಹಂಗಿಸುವ ಮೈದುನನಿಗೆ: ‘ಹೋಗು, ಮಜಾ ಬರುತ್ತೆ.’ ಸಿನಿಮಾ ಒಂದು, ದೇವದತ್ತ ಒಬ್ಬ, ಅಭಿಪ್ರಾಯ ಐದು. ಐದರಲ್ಲಿ ಒಂದೂ ಸುಳ್ಳಲ್ಲ.

ಆದ್ದರಿಂದ ಸಿದ್ಧವಾದದ್ದೇನೆಂದರೆ: ‘ಹೆಂಗಿತ್ತು?’ ಎಂಬುದು ಚಿತ್ರವನ್ನು ಕುರಿತ ಪ್ರಶ್ನೆಯಲ್ಲ. ಟಿಕೆಟ್ ಯಾರು ತೆಗೆದರು, ಆಯ್ಕೆ ಯಾರದು, ಯಾರು ಮೊದಲು ನೋಡಿದರು, ಯಾರ ಅಭಿರುಚಿ ಮೇಲು ಎಂಬ ಬಾಕಿಗಳನ್ನು ಜಗಳವಿಲ್ಲದೆ ಚುಕ್ತಾ ಮಾಡಲು ಸಮಾಜ ಕಂಡುಕೊಂಡ ಏರ್ಪಾಡು ಅದು. ಬೈದದ್ದು ನಾಯಕನಟನನ್ನೆಂದು ಎಲ್ಲರೂ ತಿಳಿಯುವುದರಿಂದ ನೆಂಟಸ್ತಿಕೆ ಕೆಡುವುದಿಲ್ಲ. ನಾಡಿನ ಕುಟುಂಬಶಾಂತಿಗೆ ಗಾಂಧಿನಗರ ಸಲ್ಲಿಸಿರುವ ಈ ಸೇವೆಗೆ ಸಬ್ಸಿಡಿ ಕೊಟ್ಟರೂ ತಪ್ಪಿಲ್ಲ.

ಪೂರ್ವಪಕ್ಷಿ ಕೇಳಬಹುದು: ಹಾಗಾದರೆ ನಿಜಕ್ಕೂ ಒಳ್ಳೆಯ ಸಿನಿಮಾ ಎಂಬುದೇ ಇಲ್ಲವೇ? ಇದೆ, ಭರತನೇ ಹೇಳಿದ್ದಾನೆ. ರಂಗ ತುಂಬಿರಬೇಕು, ಸದ್ದಿರಬಾರದು, ಕದಲಿಕೆ ಇರಬಾರದು: ಅದು ದೈವೀ ಸಿದ್ಧಿ. ಅಂಥ ಚಿತ್ರ ಬಿಟ್ಟಾಗ ಪಾರ್ಕಿಂಗಿನವರೆಗೆ ಒಬ್ಬರೂ ಬಾಯಿ ತೆರೆಯುವುದಿಲ್ಲ. ಆಮೇಲೆ ಯಾರೋ ‘ಹೆಂಗಿತ್ತು?’ ಎನ್ನುತ್ತಾರೆ, ದೇವದತ್ತ ಗಂಟಲು ಸರಿಪಡಿಸಿಕೊಂಡು ಮಹಾವಾಕ್ಯವನ್ನು ಉಚ್ಚರಿಸುತ್ತಾನೆ.

೬. ಫಲಶ್ರುತಿ

ಈ ಮೀಮಾಂಸೆಯನ್ನು ಶುಕ್ರವಾರ ಬೆಳಗಿನ ಆಟಕ್ಕೆ ಮುಂಚೆ ಪಠಿಸುವವರಿಗೆ ನೋಡದ ಚಿತ್ರಗಳ ಬಗ್ಗೆ ಸ್ಥಿರಬುದ್ಧಿಯೂ, ನೋಡಿದ ಚಿತ್ರಗಳ ಬಗ್ಗೆ ಸಂದರ್ಭಕ್ಕೊಂದರಂತೆ ಅಭಿಪ್ರಾಯವೂ ಲಭಿಸುವುದು. ಕ್ಲೈಮ್ಯಾಕ್ಸಿನ ಗುಟ್ಟನ್ನು ಕ್ಯಾಂಟೀನಿನಲ್ಲಿ ಒಡೆಯುವವನು ಏಳು ಜನ್ಮ ಮೊದಲ ಸಾಲಿನ ಮೂಲೆಯ ಸೀಟಿನಲ್ಲಿ ಕತ್ತೆತ್ತಿ ಕೂರುವನು. ಟಿಕೆಟ್ ತೆಗೆಸಿಕೊಟ್ಟವರ ಎದುರಿಗೇ ಸಿನಿಮಾವನ್ನು ಬೈದವನಿಗೆ ಮಾತ್ರ ಪ್ರಾಯಶ್ಚಿತ್ತ ಒಂದೇ: ಮುಂದಿನ ಚಿತ್ರಕ್ಕೆ ಅಷ್ಟೂ ಮಂದಿಯ ಟಿಕೆಟ್ಟನ್ನು ತಾನೇ ತೆಗೆಯತಕ್ಕದ್ದು, ಇಂಟರ್ವಲ್ಲಿನ ಪಾಪ್‌ಕಾರ್ನ್ ಸಹಿತ.